ಗಾಳಿಯ ದಾರಿ ಎಷ್ಟು ಉದ್ದವಿರಬೇಕು?

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ ದೌಂಡ್ ತಾಲ್ಲೂಕಿನ ಕುರಕುಂಭವನ್ನು ಹಾದು ಹೋಗುತ್ತದೆ. ಕಲಬುರಗಿ, ವಿಜಯಪುರದ ಕಡೆಯಿಂದ ಪುಣೆ ಸೇರಿದವರು ಊರಿಗೆ ಬಂದುಹೋಗುವ ದಾರಿ ಇದು. ಕೈಗಾರಿಕಾ ವಸಾಹತಿನ ಟ್ಯಾಂಕರೋ ಕಬ್ಬಿನ ಟ್ರ್ಯಾಕ್ಟರೋ ಅಡ್ಡ ಸಿಕ್ಕಾಗ, ಕಾರಿಗೆ ಇನ್ನಷ್ಟು ಪಿಕಪ್ ಇದ್ದಿದ್ದರೆ ಅನ್ನಿಸುವುದು ಸಹಜ. ಆಗ ಸಿಗುವ ಸಲಹೆ ಒಂದೇ: ಏರ್ ಫಿಲ್ಟರ್, ಇನ್‌ಟೇಕ್ ಪೈಪು ಬದಲಿಸಿ, ಎಂಜಿನ್ ಸಲೀಸಾಗಿ ಉಸಿರಾಡಲಿ.

ಸಲಹೆಗೆ ಆಧಾರವಿಲ್ಲದಿಲ್ಲ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೆಚ್ಚು ಗಾಳಿ ಒಳಗೆ ಹೋದರೆ ಹೆಚ್ಚು ಇಂಧನ ಸುಡಬಹುದು. 1923ರಲ್ಲಿ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಹೊತ್ತ ಫಿಯೆಟ್ ಕಾರು ಇಟಲಿಯ ಮೊಂಜಾದಲ್ಲಿ ಗ್ರ್ಯಾನ್ ಪ್ರೀ ಗೆದ್ದಾಗಲೇ ಇದು ಸಾಬೀತಾಯಿತು. 1995ರಲ್ಲಿ ವಿಶ್ವ ರ್‍ಯಾಲಿಯ ನಿಯಮ ಟರ್ಬೊ ಎಂಜಿನ್ನಿನ ಗಾಳಿ ಬಾಯಿಯನ್ನು 34 ಮಿಲಿಮೀಟರಿಗೆ ಕಟ್ಟಿಹಾಕಿತು. ಟೊಯೊಟಾ ತಂಡದ ಕಾರಿನಲ್ಲಿ ಆ ತಡೆಯನ್ನು ತಪ್ಪಿಸಿ ಗಾಳಿ ಒಳಸೇರುವ ಗುಟ್ಟಿನ ಏರ್ಪಾಡು ಸಿಕ್ಕಿಬಿತ್ತು. ತಂಡಕ್ಕೆ ಹನ್ನೆರಡು ತಿಂಗಳ ನಿಷೇಧ ಬಿತ್ತು.

ಆದರೆ ಹೆಚ್ಚು ಗಾಳಿ ಯಾವ ವೇಗದಲ್ಲಿ ಬೇಕು? ಈ ಪ್ರಶ್ನೆಗೆ ಒಳ್ಳೆಯ ಪಾಠ 1960ರ ಅಮೆರಿಕದ ಕಾರು ಕ್ರೈಸ್ಲರ್ 300ಎಫ್. ವಾಲ್ವ್ ಮುಚ್ಚಿದಾಗ ನುಗ್ಗಿ ಬರುತ್ತಿದ್ದ ಗಾಳಿ ಡಿಕ್ಕಿ ಹೊಡೆದು ಒತ್ತಡದ ಅಲೆಯಾಗಿ ಹಿಂದಿರುಗುತ್ತದೆ, ಕೊಳವೆಯ ತುದಿ ಮುಟ್ಟಿ ಮತ್ತೆ ಬರುತ್ತದೆ. ಅದು ಬರುವ ಹೊತ್ತಿಗೆ ವಾಲ್ವ್ ತೆರೆದಿದ್ದರೆ ಹೆಚ್ಚುವರಿ ಗಾಳಿ ಪುಕ್ಕಟೆಯಾಗಿ ಒಳಸೇರುತ್ತದೆ. ಕ್ರೈಸ್ಲರ್ ಎಂಜಿನಿಯರುಗಳು ಈ ಲೆಕ್ಕಕ್ಕೆ 30 ಇಂಚಿನ ಕೊಳವೆ ಇಟ್ಟರು: 375 ಅಶ್ವಶಕ್ತಿ, ಗರಿಷ್ಠ ಟಾರ್ಕ್ 2,800 ಸುತ್ತಿನಲ್ಲಿ. ಓಟದ ಹುಚ್ಚಿನವರಿಗೆ 15 ಇಂಚಿನಷ್ಟೇ ಕೆಲಸ ಮಾಡುವ ಇನ್ನೊಂದು ಇನ್‌ಟೇಕ್ ಕೊಟ್ಟರು: 400 ಅಶ್ವಶಕ್ತಿ. ಆದರೆ ಗರಿಷ್ಠ ಟಾರ್ಕ್ ಇಳಿಯಿತು, ಅದೂ 3,600 ಸುತ್ತಿಗೆ ಹೋಯಿತು. ಮೇಲೆ ಗಳಿಸಿದ್ದಕ್ಕೆ ಕೆಳಗೆ ಬೆಲೆ ತೆತ್ತರು. ಮುಂದೆ ಎರಡು ಉದ್ದಗಳ ನಡುವೆ ತಾನೇ ಬದಲಾಗುವ ಇನ್‌ಟೇಕ್‌ಗಳು ಬಂದದ್ದು ಈ ಇಕ್ಕಟ್ಟಿನಿಂದಲೇ.

ಹೆದ್ದಾರಿಯಲ್ಲಿ ಟ್ಯಾಂಕರನ್ನು ದಾಟುವವನಿಗೆ ಬೇಕಾದದ್ದು ಕೆಳಗಿನ, ನಡುವಿನ ಸುತ್ತುಗಳ ಬಲ. ಕಂಪನಿಯ ಪ್ಲಾಸ್ಟಿಕ್ ಡಬ್ಬಿ ಅದಕ್ಕೆಂದೇ ಅಳೆದು ಮಾಡಿದ್ದು. ಹೊರಗಿನ ತಂಪು ಗಾಳಿಯನ್ನು ಎಳೆಯುವುದೂ ಅದೇ. ಅದನ್ನು ಕಿತ್ತು ಬಾನೆಟ್ ಒಳಗೆ ಬಯಲು ಫಿಲ್ಟರ್ ಕೂರಿಸಿದರೆ ಎಂಜಿನ್ ತನ್ನದೇ ಬಿಸಿ ಗಾಳಿ ಕುಡಿಯುತ್ತದೆ. ಬಿಸಿ ಗಾಳಿ ತೆಳು, ಸದ್ದು ಮಾತ್ರ ಜೋರು. ಸದ್ದು ಏರಿದಾಗ ಬಲವೂ ಏರಿತೆಂದು ಕಿವಿ ನಂಬಿಬಿಡುತ್ತದೆ. ಫಿಲ್ಟರಿನ ಜಾಲ ಸಡಿಲವಾಗಿದ್ದರೆ ದಖ್ಖನಿನ ಧೂಳು ಸಿಲಿಂಡರನ್ನು ಸವೆಸುತ್ತದೆ.

ಕಾನೂನೂ ಇದೆ. ನೋಂದಣಿ ಪತ್ರದ ವಿವರ ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ಇಟ್ಟಿತು.

ಟ್ರ್ಯಾಕಿಗೇ ಮೀಸಲಾದ ಕಾರಿನ ಲೆಕ್ಕ ಬೇರೆ. ಅಲ್ಲಿ ಇನ್‌ಟೇಕ್ ಜೊತೆ ಇಂಧನದ ಹೊಂದಿಕೆಯನ್ನೂ ಬದಲಿಸಿ, ಮೊದಲು ಮತ್ತು ಆಮೇಲೆ ಡೈನೊ ಮೇಲೆ ಅಳೆಯಬೇಕು. ಊರಿಗೆ ಹೋಗಿಬರುವ ಕಾರಿಗೆ ಹೊಸ ಪೇಪರ್ ಫಿಲ್ಟರ್ ಸಾಕು, ಗೇರ್ ಒಂದು ಇಳಿಸಿ ದಾಟುವ ಅಭ್ಯಾಸ ಬೇಕು.