ಅಂಚೆಯಲ್ಲಿ ಬಂದ ಇಂಗ್ಲಿಷು

ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಹಿರಿಯರ ಓದಿನ ವಿಚಾರ ತೆಗೆದರೆ ಒಂದು ಮಾತು ಹೆಚ್ಚಾಗಿ ಕೇಳಿಬರುತ್ತದೆ: “ಎಲ್ಲದರಲ್ಲಿಯೂ ಪಾಸಾಗಿತ್ತು, ಇಂಗ್ಲಿಷಿನಲ್ಲಿ ಹೋಯಿತು.” ಹೇಳುವವರು ನಗುತ್ತಲೇ ಹೇಳುತ್ತಾರೆ. ಆದರೆ ಆ ಒಂದು ವಿಷಯದಿಂದಾಗಿ ಕೈತಪ್ಪಿದ ನೌಕರಿ, ಅರ್ಧಕ್ಕೆ ನಿಂತ ಓದು, ಕಲಿತು ಮುಂದೆ ಹೋದ ತಮ್ಮಂದಿರ ಎದುರಿನಲ್ಲಿ ಉಳಿದುಬಿಟ್ಟ ಸಂಕೋಚ ಇವೆಲ್ಲ ಆ ನಗುವಿನ ಹಿಂದೆ ಇವೆ. ಹೀಗೆ ಬಿಟ್ಟುಹೋದ ಇಂಗ್ಲಿಷನ್ನು ಪ್ರಾಯ ಸಂದ ಮೇಲೆ, ಶಾಲೆಯ ಬೆಂಚಿನ ಮೇಲೆ ಕುಳಿತುಕೊಳ್ಳದೆ, ಮನೆಯಲ್ಲಿಯೇ ಕಲಿತು ಹೈಸ್ಕೂಲು ಪರೀಕ್ಷೆಗೆ ಕಟ್ಟಿದವರ ವಿಚಾರವನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ.

ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನಿಗೆ ಇಂಗ್ಲಿಷಿನ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಇಂಗ್ಲಿಷಿನಲ್ಲಿ ಬಿದ್ದವರ ಪೈಕಿ ಒಳ್ಳೆಯ ಕನ್ನಡ ಬಲ್ಲವರನ್ನು, ತಾಳಮದ್ದಳೆಯಲ್ಲಿ ಕುಳಿತರೆ ರಾತ್ರಿಯಿಡೀ ಅರ್ಥ ಹೇಳಬಲ್ಲವರನ್ನು ನಾನು ಕಂಡಿದ್ದೇನೆ. ಬುದ್ಧಿ ಕಡಮೆಯಾಗಿ ಅವರು ಬಿದ್ದವರಲ್ಲ. ಆದುದರಿಂದ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿತ್ತು. ಸುಳ್ಯ, ಕಡಬಗಳು ಆಗ ಪುತ್ತೂರು ತಾಲೂಕಿನ ಒಳಗೇ ಇದ್ದವು. ಮದರಾಸಿನ ವ್ಯವಸ್ಥೆಯಲ್ಲಿ ಓದಿಗೆ ಎರಡು ಏಣಿಗಳಿದ್ದವು. ಒಂದು ಎಲಿಮೆಂಟರಿ ಶಾಲೆಯದು. ಎಂಟನೆಯ ತರಗತಿಯವರೆಗೆ ನಾಡನುಡಿಯಲ್ಲಿ ಓದಿ, ತರಬೇತಿ ಪಡೆದು, ಮಾಸ್ತರಿಕೆಗೆ ಸೇರಬಹುದಾಗಿತ್ತು. ಇನ್ನೊಂದು ಹೈಸ್ಕೂಲಿನದು, ಐದನೆಯ ತರಗತಿಯ ಬಳಿಕ ಫಸ್ಟ್ ಫಾರಮಿಗೆ ಹೋಗಿ, ಸಿಕ್ಸ್ತ್ ಫಾರಮಿನ ತನಕ ಓದುವುದು. ಎರಡಕ್ಕೂ ಇದ್ದ ಮುಖ್ಯ ವ್ಯತ್ಯಾಸ ಇಂಗ್ಲಿಷು. ಹತ್ತು ಹನ್ನೊಂದರ ಪ್ರಾಯದಲ್ಲಿ ಮಗು ಯಾವ ಏಣಿಯ ಬುಡದಲ್ಲಿ ನಿಂತಿತೆಂಬುದರ ಮೇಲೆ ಅದರ ಮುಂದಿನ ಬದುಕು ನಿಶ್ಚಯವಾಗುತ್ತಿತ್ತು. ಮನೆಯ ಹತ್ತಿರ ಇದ್ದುದು ಎಲಿಮೆಂಟರಿ ಶಾಲೆ, ಹೈಸ್ಕೂಲು ದೂರ. ಪುತ್ತೂರು ಪೇಟೆಯಲ್ಲಿ ಕೊಂಬೆಟ್ಟಿನ ಬೋರ್ಡ್ ಹೈಸ್ಕೂಲು ಇದ್ದರೂ ಘಟ್ಟದ ಬುಡದ ಹಳ್ಳಿಗಳಿಗೆ ಅದೂ ದೂರವೇ. ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದ ಕಾದಂಬರಿಕಾರ ನಿರಂಜನರು ಸುಳ್ಯದಲ್ಲಿ ಓದಿದ ಬಳಿಕ ಹೈಸ್ಕೂಲಿಗಾಗಿ ನೀಲೇಶ್ವರಕ್ಕೆ ಹೋದರು. ಅಷ್ಟು ದೂರ ಮಕ್ಕಳನ್ನು ಕಳುಹಿಸಿ ಓದಿಸಬಲ್ಲ ಮನೆಗಳು ಎಷ್ಟಿದ್ದಾವು? ಹೆಣ್ಣುಮಕ್ಕಳ ಪಾಡನ್ನಂತೂ ಕೇಳುವುದೇ ಬೇಡ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ನಾಡಿನಲ್ಲಿ ಇಂಗ್ಲಿಷು ಎರಡನೆಯ ಭಾಷೆಯೆಂದು ಕಾಗದದ ಮೇಲೆ ಬರೆದಿರುತ್ತದೆ; ನಿಜವಾಗಿ ಅದು ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ಮನೆಯ ಮಾತು ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಕೊಂಕಣಿ, ಮಲೆಯಾಳಗಳಲ್ಲಿ ಒಂದು. 1964ರ ಭಾರತ-ಸಿಂಹಳ ಒಪ್ಪಂದದ ಫಲವಾಗಿ ಸಿಂಹಳದಿಂದ ಮರಳಿ ಬಂದು ಇಲ್ಲಿಯ ರಬ್ಬರು ತೋಟಗಳಲ್ಲಿ ನೆಲೆಸಿದ ಕುಟುಂಬಗಳದು ತಮಿಳು. ಕನ್ನಡವನ್ನೇ ಶಾಲೆಯಲ್ಲಿ ಕಲಿತು ಬಂದವರು ಆ ಕನ್ನಡದ ಮೂಲಕ ಇಂಗ್ಲಿಷನ್ನು ಮುಟ್ಟಬೇಕು. ಇದು ಕಷ್ಟವೂ ಹೌದು, ಒಂದು ಬಗೆಯ ಬಂಡವಾಳವೂ ಹೌದು. ಸಂತೆಯಲ್ಲಿ ಮೂರು ಭಾಷೆಗಳಲ್ಲಿ ವ್ಯಾಪಾರ ಮಾಡಬಲ್ಲವನಿಗೆ ಇನ್ನೊಂದು ಭಾಷೆಯೆಂದರೆ ಅಂಜಿಕೆ ಇರಬಾರದು. ಅಂಜಿಕೆ ಹುಟ್ಟಿದ್ದು ಭಾಷೆಯಿಂದಲ್ಲ, ಪರೀಕ್ಷೆಯಿಂದ.

ಶಾಲೆ ತಪ್ಪಿದವರಿಗೆ ಮೊದಲು ಒದಗಿಬಂದ ಗುರು ಪುಸ್ತಕ. ಈ ಜಿಲ್ಲೆಯ ಮಟ್ಟಿಗೆ ಅದು ಬೇಗನೆ ಬಂತೆನ್ನಬೇಕು. ಬಾಸೆಲ್ ಮಿಶನ್ನಿನ ಝೀಗ್ಲರನು ಶಾಲೆಗಳ ಉಪಯೋಗಕ್ಕೆಂದು ಮಾಡಿದ ಇಂಗ್ಲಿಷ್-ಕನ್ನಡ ನಿಘಂಟು 1876ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕಿಟ್ಟೆಲನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಲ್ಲಿಂದಲೇ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಪುಸ್ತಕವನ್ನೇ ನಂಬಿ ಎಷ್ಟು ದೂರ ಹೋಗಬಹುದೆಂಬುದಕ್ಕೆ ಪುತ್ತೂರೇ ಸಾಕ್ಷಿ. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟ ಶಿವರಾಮ ಕಾರಂತರು ಇಲ್ಲಿ ನೆಲೆಸಿ, ಪದವಿಯ ಹಂಗಿಲ್ಲದೆ ಓದಿ, 1930ರ ದಶಕದಲ್ಲಿ ಮೂರು ಸಂಪುಟಗಳ ಬಾಲಪ್ರಪಂಚವನ್ನು ಒಬ್ಬರೇ ಬರೆದರು. ಆದರೆ ಕಾರಂತರು ಕಾರಂತರೇ. ಅವರು ಕಾಲೇಜಿನ ಮೆಟ್ಟಿಲು ಹತ್ತಿ ಇಳಿದವರು. ಸಾಮಾನ್ಯನಿಗೆ ಬೇಕಾದದ್ದು ಪುಸ್ತಕ ಮಾತ್ರವಲ್ಲ. ತಾನು ಬರೆದದ್ದು ಸರಿಯೋ ತಪ್ಪೋ ಎಂದು ಹೇಳುವ ಇನ್ನೊಂದು ಜೀವ.

ಇಲ್ಲಿ ನಾವು ಸ್ವಲ್ಪ ದೂರ, ಇಂಗ್ಲೆಂಡಿನವರೆಗೆ ಹೋಗಿ ಬರಬೇಕು. 1840ರಲ್ಲಿ ಅಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಿತು. ಶೀಘ್ರಲಿಪಿಯನ್ನು ರೂಪಿಸಿದ ಐಸಾಕ್ ಪಿಟ್ಮನ್ ಆ ಸೌಲಭ್ಯವನ್ನು ಬಳಸಿಕೊಂಡು ಅಂಚೆಯ ಮೂಲಕ ಪಾಠ ಹೇಳತೊಡಗಿದನು. ವಿದ್ಯಾರ್ಥಿ ವಾಕ್ಯಗಳನ್ನು ಶೀಘ್ರಲಿಪಿಯಲ್ಲಿ ಬರೆದು ಕಳುಹಿಸಬೇಕು. ಪಿಟ್ಮನ್ ಅವನ್ನು ತಿದ್ದಿ ಹಿಂದಕ್ಕೆ ಕಳುಹಿಸುವನು. 1858ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಇನ್ನೊಂದು ಬಾಗಿಲು ತೆರೆಯಿತು: ಎಲ್ಲಿ ಓದಿದವನಾದರೂ ಸರಿಯೇ, ಅದರ ಪದವಿ ಪರೀಕ್ಷೆಗೆ ಕೂಡಬಹುದು. ಮೊದಲನೆಯದರಲ್ಲಿ ಪಾಠವಿದೆ, ತಿದ್ದುವಿಕೆಯಿದೆ. ಎರಡನೆಯದರಲ್ಲಿ ಪರೀಕ್ಷೆ ಮಾತ್ರವಿದೆ. ಕಲಿಯುವ ಪಾಡು ಕಲಿಯುವವನದು. ನಮ್ಮಲ್ಲಿ ಬಹುಕಾಲ ನಡೆದುಬಂದದ್ದು ಈ ಎರಡನೆಯ ದಾರಿ. ಖಾಸಗಿಯಾಗಿ ಪರೀಕ್ಷೆಗೆ ಕಟ್ಟುವುದೆಂದು ನಾವು ಹೇಳುವುದು ಇದನ್ನೇ. ಎಂಟನೆಯ ತರಗತಿ ಓದಿ ಮಾಸ್ತರರಾದವರು, ತೋಟ ಗದ್ದೆಗಳ ಕೆಲಸಕ್ಕೆಂದು ಶಾಲೆ ಬಿಟ್ಟವರು ಈ ದಾರಿ ಹಿಡಿದರು. ಪೇಟೆಯ ಹತ್ತಿರ ಇದ್ದವರಿಗೆ ಟ್ಯುಟೋರಿಯಲ್ ದೊರೆಯಿತು. ಮಿಕ್ಕವರಿಗೆ ಗೈಡುಗಳೂ, ಮೂವತ್ತು ದಿವಸಗಳಲ್ಲಿ ಇಂಗ್ಲಿಷು ಕಲಿಸುವೆವೆಂಬ ಪುಸ್ತಕಗಳೂ ಗತಿಯಾದವು.

ಪಾಠ, ಪರೀಕ್ಷೆ ಎರಡನ್ನೂ ಕೂಡಿಸುವ ಯತ್ನ ಸ್ವಾತಂತ್ರ್ಯಾನಂತರದ್ದು. ದಿಲ್ಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆಯ ಮೂಲಕ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅದೇ ಹಾದಿ ಹಿಡಿಯಿತು. ಅಂಚೆ-ತೆರಪಿನ ಶಿಕ್ಷಣವೆಂಬ ಹೆಸರು ನಮ್ಮಲ್ಲಿ ರೂಢಿಗೆ ಬಂತು. ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆದರೆ ಇವು ಹೈಸ್ಕೂಲು ದಾಟಿದವರಿಗೆ. ಹೈಸ್ಕೂಲನ್ನೇ ದಾಟದವರಿಗಾಗಿ 1979ರಲ್ಲಿ ಕೇಂದ್ರ ಮಾಧ್ಯಮಿಕ ಶಿಕ್ಷಣ ಮಂಡಳಿಯು ಮುಕ್ತಶಾಲೆಯೊಂದನ್ನು ತೊಡಗಿತು. 1989ರಲ್ಲಿ ಅದು ರಾಷ್ಟ್ರೀಯ ಮುಕ್ತಶಾಲೆಯಾಯಿತು. 2002ರಲ್ಲಿ ರಾಷ್ಟ್ರೀಯ ಮುಕ್ತ ವಿದ್ಯಾಲಯ ಶಿಕ್ಷಣ ಸಂಸ್ಥೆಯೆಂಬ ಹೆಸರು ಪಡೆಯಿತು. ಹದಿನಾಲ್ಕು ದಾಟಿದ ಯಾರೂ ಸೇರಬಹುದು. ಮೇಲಿನ ಪ್ರಾಯಕ್ಕೆ ಮಿತಿಯಿಲ್ಲ. ಐದು ವರ್ಷಗಳೊಳಗೆ ಒಂಬತ್ತು ಸಲ ಪರೀಕ್ಷೆಗೆ ಕೂಡಬಹುದು. ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ. ಅಲ್ಲಿ ಇಂಗ್ಲಿಷನ್ನೇ ಆರಿಸಿಕೊಳ್ಳಬೇಕೆಂಬ ಕಡ್ಡಾಯವೂ ಇಲ್ಲ. ಹಾಗಿದ್ದರೂ ಪ್ರಾಯದವರು ಅದನ್ನು ಬಿಡಲೊಪ್ಪುವುದಿಲ್ಲ. ಒಮ್ಮೆ ತಮ್ಮನ್ನು ಹೊರಗೆ ನಿಲ್ಲಿಸಿದ ಬಾಗಿಲನ್ನೇ ತಟ್ಟಬೇಕೆಂಬ ಹಟ ಅವರದು.

ಪಾಠದ ಕಟ್ಟು ಅಂಚೆಯಲ್ಲಿ ಬರುವುದೆಂದರೆ ನಮ್ಮ ಕಡೆ ಅದು ಮಳೆಯನ್ನೂ ಹೊಳೆಯನ್ನೂ ದಾಟಿ ಬರಬೇಕು. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ ಹೊಸ್ಮಠದ ಹಳೆಯ ಮುಳುಗು ಸೇತುವೆಯನ್ನು ಬಲ್ಲವರು ಬಲ್ಲರು. ಎತ್ತರದ ಹೊಸ ಸೇತುವೆ ಆಗುವವರೆಗೆ ಗುಂಡ್ಯ ಹೊಳೆ ತುಂಬಿ ಬಂದಾಗಲೆಲ್ಲ ಬಸ್ಸುಗಳು ಅತ್ತಿತ್ತ ನಿಂತುಬಿಡುತ್ತಿದ್ದವು. ಬಸ್ಸಿನೊಂದಿಗೆ ಟಪ್ಪಾಲೂ ನಿಲ್ಲುತ್ತಿತ್ತು. ಆದರೆ ತಡವಾಗಿ ಬಂದ ಪಾಠದಿಂದ ಕಲಿಕೆ ಕೆಡುವುದಿಲ್ಲ. ಅದು ಕೆಡುವುದು ಬರೆದು ಕಳುಹಿಸಿದ ಉತ್ತರ ತಿದ್ದದೆ ಉಳಿದಾಗ. ಬರೆದದ್ದರ ತುದಿಯಲ್ಲಿ ಒಂದು ಗೀಟೂ ಒಂದು ಅಂಕವೂ ಮಾತ್ರ ಬಿದ್ದು ಹಿಂದಿರುಗಿದ ಹಾಳೆಗಳನ್ನು ನಾನು ನೋಡಿದ್ದೇನೆ. ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.

ಇದು ಏಕೆ ಮುಖ್ಯವೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. “ನನಗೆ ಇಬ್ಬರು ತಮ್ಮಂದಿರಿದ್ದಾರೆ” ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದಾಗ ನಮ್ಮವರು “ಟು ಮಿ ಟೂ ಬ್ರದರ್ಸ್ ಆರ್ ದೇರ್” ಎಂದು ಬರೆಯುತ್ತಾರೆ. ಇದನ್ನು ಕಂಡು ನಗುವವನು ಮಾಸ್ತರನಲ್ಲ. ಕನ್ನಡದಲ್ಲಿ ಹಸಿವು, ನಿದ್ದೆ, ಜ್ವರ, ನೆಂಟಸ್ತಿಕೆ ಇವೆಲ್ಲ ‘ನನಗೆ’ ಆಗುವಂಥವು, ‘ನನಗೆ’ ಇರುವಂಥವು. ಇಂಗ್ಲಿಷಿನಲ್ಲಿ ಹಸಿದವನೂ ‘ನಾನು’, ತಮ್ಮಂದಿರನ್ನು ಹೊಂದಿದವನೂ ‘ನಾನು’. ಈ ಮಾತನ್ನು ಪ್ರಾಯದವರಿಗೆ ಒಮ್ಮೆ ಬಿಡಿಸಿ ಹೇಳಿದರೆ ಸಾಕು, ಮರೆಯುವುದಿಲ್ಲ. ಮಗು ನೂರು ಸಲ ಕೇಳಿ ಕಲಿಯುತ್ತದೆ. ಪ್ರಾಯದವರು ಕಾರಣ ತಿಳಿದು ಕಲಿಯುತ್ತಾರೆ. ಆದರೆ ಯಾರು ಯಾವ ತಪ್ಪು ಮಾಡುತ್ತಾರೆಂದು ದಿಲ್ಲಿಯಲ್ಲಿ ಅಚ್ಚಾದ ಪುಸ್ತಕಕ್ಕೆ ಹೇಗೆ ಗೊತ್ತಾಗಬೇಕು? ಆ ಹಾಳೆಯನ್ನು ಕೈಯಲ್ಲಿ ಹಿಡಿದವನಿಗೆ ಮಾತ್ರ ಗೊತ್ತಾಗುತ್ತದೆ.

ರೇಡಿಯೋದ ಪಾತ್ರವನ್ನು ಇಲ್ಲಿ ಮರೆಯಬಾರದು. ಬಿ.ಬಿ.ಸಿ.ಯು 1943ರಿಂದಲೇ ಬಾನುಲಿಯ ಮೂಲಕ ಇಂಗ್ಲಿಷ್ ಪಾಠಗಳನ್ನು ಬಿತ್ತರಿಸತೊಡಗಿತು. ಮಂಗಳೂರಿನಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದದ್ದು 1976ರಲ್ಲಿ. ಅಚ್ಚಿನ ಪಾಠ ಕೊಡಲಾರದ ಧ್ವನಿಯನ್ನು ರೇಡಿಯೋ ಕೊಟ್ಟಿತು. ವಾರ್ತೆಗಳ ಇಂಗ್ಲಿಷನ್ನು ಅರ್ಥವಾದಷ್ಟು ಕೇಳಿ ಉಚ್ಚಾರ ತಿದ್ದಿಕೊಂಡ ಹಿರಿಯರನ್ನು ನಾನು ಬಲ್ಲೆ. ಆದರೆ ರೇಡಿಯೋ ಮಾತನಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಈ ಮಾತನ್ನು ರೇಡಿಯೋದಲ್ಲಿಯೇ ಹೇಳುವುದಕ್ಕೆ ಆಕಾಶವಾಣಿಯವರು ಬೇಸರಿಸಲಾರರೆಂದು ನಂಬಿದ್ದೇನೆ.

ಹಾಗಾದರೆ ಈ ತಾಲೂಕುಗಳಲ್ಲಿ ಮನೆಯಲ್ಲಿ ಕುಳಿತು ಕಲಿತು ಪಾಸಾದವರು ಹೇಗೆ ಪಾಸಾದರು? ನಾನು ವಿಚಾರಿಸಿ ನೋಡಿದಷ್ಟು ಕಡೆ ಉತ್ತರ ಒಂದೇ: ಹತ್ತಿರದಲ್ಲಿ ಯಾರೋ ಒಬ್ಬರು ತಿದ್ದಿಕೊಟ್ಟರು. ನಿವೃತ್ತ ಹೆಡ್ಮಾಸ್ತರರು, ಇಗರ್ಜಿಯ ಪಾದ್ರಿಗಳು, ಸಹಕಾರಿ ಸಂಘದ ಗುಮಾಸ್ತರು, ಕಾಲೇಜಿಗೆ ಹೋಗುವ ಮಗಳು ಹೀಗೆ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು, ಸುಳ್ಯದಲ್ಲಿ 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರ ಸಾಹಸದಿಂದ ನೆಹರೂ ಮೆಮೋರಿಯಲ್ ಕಾಲೇಜು ಆದಮೇಲೆ ಮನೆಮನೆಯಲ್ಲಿ ಒಬ್ಬ ಇಂಗ್ಲಿಷು ಬಲ್ಲ ಮಗನೋ ಮಗಳೋ ಹುಟ್ಟಿಕೊಂಡರು. ಈ ಕಾಲೇಜುಗಳ ಫಲವನ್ನು ಲೆಕ್ಕ ಹಾಕುವವರು ಪದವೀಧರರನ್ನು ಎಣಿಸುತ್ತಾರೆ. ಆ ಪದವೀಧರರು ತಮ್ಮ ತಾಯಿ ತಂದೆಯರ ಹಾಳೆ ತಿದ್ದಿದ್ದನ್ನು ಯಾರೂ ಎಣಿಸಿಲ್ಲ.

ಕಡಬದ ಕಡೆಯ ಒಬ್ಬರು ಗೃಹಿಣಿಯ ವಿಚಾರ ಹೇಳುತ್ತೇನೆ. ಬೀಡಿ ಕಟ್ಟಿ ಸಂಸಾರ ನಡೆಸಿದವರು. ಅಂಗನವಾಡಿ ಕಾರ್ಯಕರ್ತೆಯಾಗುವುದಕ್ಕೆ ಎಸ್.ಎಸ್.ಎಲ್.ಸಿ. ಬೇಕಾಗಿದ್ದ ಕಾಲ. ಬಾಲ್ಯದಲ್ಲಿ ಬಿಟ್ಟ ಓದನ್ನು ನಲವತ್ತರ ಸಮೀಪದಲ್ಲಿ ಹಿಡಿದು ಮಿಕ್ಕ ವಿಷಯಗಳನ್ನು ದಾಟಿದರು; ಇಂಗ್ಲಿಷು ಉಳಿಯಿತು. ನೆರೆಯ ನಿವೃತ್ತ ಮಾಸ್ತರರೊಬ್ಬರು ದಿನಕ್ಕೆ ಐದು ವಾಕ್ಯ ಬರೆದು ತರುವಂತೆ ಹೇಳಿದರು. ಅವರು ಪುಸ್ತಕದ ವಾಕ್ಯ ಬರೆಯದೆ, ಎಲೆ ಎಷ್ಟು ಬಂತು, ಬೀಡಿ ಎಷ್ಟು ಹೋಯಿತು, ಎಷ್ಟನ್ನು ಹಿಂದಕ್ಕೆ ಹಾಕಿದರು ಎಂಬುದನ್ನೇ ಇಂಗ್ಲಿಷಿನಲ್ಲಿ ಬರೆದು ತರುತ್ತಿದ್ದರು. ಎರಡನೆಯ ಸಲಕ್ಕೆ ಪಾಸಾಯಿತು. “ಮಾಸ್ಟ್ರೇ, ಇನ್ನೂ ಬರೆದು ತರಬಹುದಾ?” ಎಂದು ಆ ಮೇಲೆ ಅವರು ಕೇಳಿದರಂತೆ. ನೌಕರಿ ಕೊನೆಗೂ ಆಗಲಿಲ್ಲ. ಅರ್ಜಿ ಹಾಕುವಷ್ಟರಲ್ಲಿ ಪ್ರಾಯ ಮೀರಿತ್ತು. ಆದರೆ ಬ್ಯಾಂಕಿನ ಕಾಗದವನ್ನು ಇನ್ನೊಬ್ಬರ ಕೈಗೆ ಕೊಟ್ಟು ಓದಿಸುವುದನ್ನು ಅವರು ನಿಲ್ಲಿಸಿದರು. ಇದು ಸಣ್ಣ ಫಲವೆಂದು ನಾನು ತಿಳಿಯುವುದಿಲ್ಲ.

ಇಂದು ಪಾಠ ಅಂಚೆಗಾಗಿ ಕಾಯುವುದಿಲ್ಲ. ಅಂಗೈಯ ಫೋನಿನೊಳಗೆ ಬರುತ್ತದೆ. 2021ರ ಮಳೆಗಾಲದಲ್ಲಿ, ಸುಳ್ಯದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಸಂಕೇತ ಸಿಗುವ ರಸ್ತೆಬದಿಯಲ್ಲಿ ಮಗಳು ಕುಳಿತು ಪಾಠ ಕೇಳುತ್ತಿರುವಾಗ ತಂದೆ ಕೊಡೆ ಹಿಡಿದು ನಿಂತ ಚಿತ್ರವೊಂದು ಪತ್ರಿಕೆಗಳಲ್ಲಿ ಬಂದುದನ್ನು ತಾವು ನೋಡಿರಬಹುದು. ಎಲ್ಲರೂ ಸಂಕೇತದ ಕೊರತೆಯ ವಿಚಾರ ಮಾತನಾಡಿದರು, ಅದು ಸರಿಯೇ. ನನಗೆ ಕಂಡದ್ದು ಇನ್ನೊಂದು: ದೂರದ ಪಾಠಕ್ಕೂ ಹತ್ತಿರ ಒಬ್ಬರು ನಿಲ್ಲಬೇಕಾಗುತ್ತದೆ.

ಹೊಸ ಸಾಧನ ಬಂದಾಗಲೆಲ್ಲ ಪಾಠವನ್ನು ದೂರಕ್ಕೆ ಮುಟ್ಟಿಸುವ ಬಗೆಯನ್ನು ನಾವು ಸುಧಾರಿಸಿದ್ದೇವೆ. ಬರೆದದ್ದನ್ನು ತಿದ್ದಿ ಮರಳಿಸುವ ಬಗೆಯನ್ನು ಮಾತ್ರ, ಪಿಟ್ಮನ್ ಅಷ್ಟು ಹಿಂದೆ ಮಾಡಿ ತೋರಿಸಿದ್ದರೂ, ಇಂದಿಗೂ ನೆರೆಹೊರೆಯ ಪುಣ್ಯಕ್ಕೆ ಬಿಟ್ಟಿದ್ದೇವೆ. ಗ್ರಾಮ ಪಂಚಾಯತಿನ ಗ್ರಂಥಾಲಯಗಳಿವೆ. ನಿವೃತ್ತರಾದ ಮಾಸ್ತರರು ಊರೂರಿನಲ್ಲಿದ್ದಾರೆ. ವಾರಕ್ಕೆ ಒಂದು ಸಂಜೆ ಅಲ್ಲಿ ಕುಳಿತು ಹತ್ತು ಹಾಳೆ ತಿದ್ದುವುದಕ್ಕೆ ಕಟ್ಟಡವೂ ಬೇಡ, ಅನುದಾನವೂ ಬೇಡ. ನನ್ನಂಥವರಿಗೆ ಇಂಗ್ಲಿಷು ಅಷ್ಟಾಗಿ ಬಾರದೆಂಬ ನೆಪವೂ ಸಲ್ಲದು. ಹೈಸ್ಕೂಲಿನ ಐದು ವಾಕ್ಯ ನೋಡುವಷ್ಟು ನಮಗೆಲ್ಲರಿಗೂ ಬರುತ್ತದೆ. ಪ್ರಾಯ ಸಂದ ಮೇಲೆ ಓದಹೊರಟವರು ನಮ್ಮಿಂದ ಬಯಸುವುದು ಹೊಗಳಿಕೆಯನ್ನಲ್ಲ. ತಾವು ಬರೆದದ್ದನ್ನು ಇನ್ನೊಬ್ಬರು ಓದಬೇಕು, ಎಲ್ಲಿ ತಪ್ಪಿತೆಂದು ಹೇಳಬೇಕು, ಅಷ್ಟೆ.