ರಾವುತ ಬೀದಿಗೆ ಬಂದ ಕತೆ

ಹಳೇಬೀಡಿಗೆ ಹೋದವರೆಲ್ಲ ಹೊಯ್ಸಳೇಶ್ವರನ ಗೋಡೆಯ ಬುಡದ ಪಟ್ಟಿಗಳನ್ನು ನೋಡೇ ನೋಡ್ತಾರೆ. ತಳದಲ್ಲಿ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಆಮೇಲೆ ಕುದುರೆ ಸವಾರರು. ಆನೆ ಬಲಕ್ಕೆ, ಸಿಂಹ ಧೈರ್ಯಕ್ಕೆ, ಕುದುರೆ ವೇಗಕ್ಕೆ ಅಂತ ಗೈಡ್ ಹೇಳ್ತಾರೆ. ಸರಿ. ಆದರೆ ವೇಗ ಕುದುರೆಯ ಅರ್ಧ ಗುಣ ಅಷ್ಟೇ, ಇನ್ನರ್ಧ ಎತ್ತರ. ನಾನು ಬರೀತಿರೋದು ಆ ಎತ್ತರದ ಬಗ್ಗೆ.

2016ರ ಡಿಸೆಂಬರ್ 31ರ ರಾತ್ರಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಯಲ್ಲಿ ಏನಾಯ್ತು ಅಂತ ಎಲ್ಲರಿಗೂ ನೆನಪಿದೆ. ಹೊಸ ವರ್ಷದ ರಾತ್ರಿ ಅಲ್ಲಿ ವಾಹನ ಬಂದ್. ಅಂದರೆ ಬೀದಿ ಪೂರ್ತಿ ನಡೆಯೋರದ್ದು. ಪೊಲೀಸರೂ ನೂರಾರು ಮಂದಿ ಇದ್ದರು. ಆದರೂ ಹೆಣ್ಣುಮಕ್ಕಳ ಮೈಮೇಲೆ ಕೈ ಹಾಕಿದ ಸುದ್ದಿ ದೇಶವೆಲ್ಲ ಹಬ್ಬಿತು. ಜನಜಂಗುಳಿಯಲ್ಲಿ ನಿಂತ ಪೊಲೀಸಿನವನಿಗೆ ಕಾಣೋದು ಮುಂದಿನವನ ಹೆಗಲು. ಹತ್ತಡಿ ಆಚೆ ಅಳ್ತಿರೋ ಹುಡುಗಿ ಅವನಿಗೆ ಕಾಣಲ್ಲ, ಅವನೂ ಅವಳಿಗೆ ಕಾಣಲ್ಲ. ಕುದುರೆ ಮೇಲೆ ಕೂತವನ ಕಣ್ಣು ಹೆಚ್ಚುಕಮ್ಮಿ ಎಂಟಡಿ ಎತ್ತರದಲ್ಲಿರುತ್ತೆ. ಅವನಿಗೆ ತಲೆಗಳ ಮೇಲಿನಿಂದ ಆಚೆಯದೆಲ್ಲ ಕಾಣುತ್ತೆ. ಅದಕ್ಕಿಂತ ದೊಡ್ಡ ಲಾಭ ಅಂದರೆ ಅವನೂ ದೂರಕ್ಕೆ ಕಾಣ್ತಾನೆ. ಕ್ಯಾಮೆರಾ ನೋಡುತ್ತೆ ನಿಜ, ಆದರೆ ಅದರ ಹತ್ತಿರ ಓಡಿಹೋಗಿ ಯಾರೂ ಕೈ ಹಿಡಿಯೋಕಾಗಲ್ಲ.

ಇದು ಹೊಸ ವಿಚಾರವೇನಲ್ಲ. ಲಂಡನ್ನಿನಲ್ಲಿ 1763ರಲ್ಲೇ ಬೋ ಸ್ಟ್ರೀಟಿನ ಕುದುರೆ ಗಸ್ತು ಹುಟ್ಟಿತು, ಹೆದ್ದಾರಿ ದರೋಡೆಕೋರರನ್ನು ಹಿಡಿಯೋಕೆ. ದುಡ್ಡು ಸಾಲದೆ ನಿಂತುಹೋಗಿ, 1805ರಲ್ಲಿ ಕೆಂಪು ಒಳಕೋಟು ತೊಟ್ಟು ಮತ್ತೆ ಶುರುವಾಯ್ತು. ಆ ಕೆಂಪು ದೂರದಿಂದಲೇ ಕಾಣಬೇಕಾಗಿತ್ತು. ಕೊಲ್ಕತ್ತಾದಲ್ಲಿ 1840ರಿಂದ ಕುದುರೆ ಪೊಲೀಸ್ ಇದೆ. ಮೈದಾನದಲ್ಲಿ, ಪಂದ್ಯದ ದಿನಗಳಲ್ಲಿ ಈಗಲೂ ಸುತ್ತುತ್ತಾರೆ.

ನಮ್ಮ ಕಡೆ ಕುದುರೆ ಬೀದಿಗೆ ಬರೋಕೆ ತುಂಬಾ ಕಾಲ ಹಿಡೀತು. ಕಾರಣ ರೇಟು! ಒಳ್ಳೆ ಕುದುರೆ ಈ ನೆಲದಲ್ಲಿ ಹುಟ್ಟುತ್ತಿರಲಿಲ್ಲ, ಅರಬ್ ನಾಡಿನಿಂದ ಹಡಗಲ್ಲಿ ಬರಬೇಕಿತ್ತು. ಅರಸೀಕೆರೆ ಸೀಮೆಯ ಹೊಯ್ಸಳರ ಕಾಲದ ಶಾಸನಗಳಲ್ಲಿ ಹಡಗಿನ ಮೇಲೆ ಕುದುರೆ, ಆನೆ, ಮುತ್ತು ತರಿಸಿ ರಾಜರಿಗೆ ಮಾರಿದ ಚಟ್ಟಿಸೆಟ್ಟಿಯ ಮಾತು ಬರುತ್ತೆ. ಸಮುದ್ರಕ್ಕೂ ಅರಸೀಕೆರೆಗೂ ನಡುವೆ ಇಡೀ ಪಶ್ಚಿಮಘಟ್ಟ ಇದೆ ಅನ್ನೋದನ್ನ ನೆನಪಿಡಿ. ಇಷ್ಟು ಕಷ್ಟಪಟ್ಟು ಬಂದ ಪ್ರಾಣಿಯನ್ನ ನೋಡಿಕೊಳ್ಳೋಕೆ ಸಾಹಣಿ ಅನ್ನೋ ಅಧಿಕಾರಿ ಬೇರೆ. ಹತ್ತೋನು ರಾವುತ, ಅವನ ಕೆಲಸ ಯುದ್ಧ. ಊರು ಕಾಯೋದು ತಳವಾರನ ಪಾಲಿಗೆ, ಅದೂ ಕಾಲ್ನಡಿಗೆಯಲ್ಲಿ. ನಮ್ಮೂರುಗಳ ಕೆರೆ ಏರಿ ಪಕ್ಕ ನಿಂತ ವೀರಗಲ್ಲು ನೋಡಿ, ತುರು ಕಾಯೋಕೆ ಹೋಗಿ ಸತ್ತವರು ಬಹುಪಾಲು ನೆಲದ ಮೇಲೇ ನಿಂತಿರ್ತಾರೆ.

ಕುದುರೆ ಕಾವಲಿನ ಕಡೆ ತಿರುಗಿದ್ದು ಮೈಸೂರಿನ ಸಿಲ್ಲೇದಾರರ ಕಾಲಕ್ಕೆ. ಸಿಲ್ಲೇದಾರ ಅಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ಸಂಬಳಕ್ಕೆ ಸೇರೋನು. (ನಮ್ಮ ಕಂಪನಿಗಳಲ್ಲಿ ಸ್ವಂತ ಲ್ಯಾಪ್‌ಟಾಪ್ ತಂದು ದುಡಿಯೋ ಕಾಂಟ್ರಾಕ್ಟಿನವರ ಹಾಗೆ ಅನ್ಕೊಳ್ಳಿ.) 1807ರ ಒಪ್ಪಂದದಲ್ಲಿ ಮೈಸೂರು 4000 ಕುದುರೆ ಸವಾರರನ್ನು ಸಾಕಬೇಕು ಅಂತ ಬ್ರಿಟಿಷರು ಬರೆಸಿಕೊಂಡಿದ್ದರು. ಯುದ್ಧ ಕಡಿಮೆಯಾದ ಮೇಲೆ ಇವರಿಗೆ ಉಳಿದದ್ದು ಖಜಾನೆ ಹಿಂದೆ ಕಾವಲು ಹೋಗೋದು, ದಾರಿ ಕಾಯೋದು, ಹೆಚ್ಚುಕಮ್ಮಿ ಪೊಲೀಸ್ ಕೆಲಸ. 1892ರಲ್ಲಿ ಇದೇ ದಳದಿಂದ ಮೈಸೂರು ಲ್ಯಾನ್ಸರ್ಸ್ ಎದ್ದುಬಂತು. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದವರ ಜೊತೆ ಸೇರಿ ಹೈಫಾ ಗೆದ್ದ ಕತೆ ಗೊತ್ತೇ ಇದೆ. ಮೆಷಿನ್‌ಗನ್ನಿನ ಎದುರು ಈಟಿ ಹಿಡಿದು ನುಗ್ಗಿದ ಕೊನೇ ದೊಡ್ಡ ದಾಳಿಗಳಲ್ಲಿ ಅದೂ ಒಂದು. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳೆಲ್ಲ ಸೇರಿ 61ನೇ ಕ್ಯಾವಲ್ರಿ ಆಯ್ತು.

ಮೈಸೂರಲ್ಲಿ ಕುದುರೆ ಉಳಿದದ್ದು ಪೊಲೀಸ್ ಇಲಾಖೆಯಲ್ಲಿ, ಕೆ.ಎ.ಆರ್.ಪಿ. ಮೌಂಟೆಡ್ ಕಂಪನಿ ಅಂತ. ಜಂಬೂಸವಾರಿ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ವಾಹನ ಒಂದೂ ಇರಲ್ಲ, ರಸ್ತೆ ತುಂಬ ಜನ, ನಡುವೆ ಈ ಸವಾರರು. ನಮ್ಮ ನಾಡಿನಲ್ಲಿ ಕುದುರೆ ಪೊಲೀಸನ್ನು ಅದರ ಸರಿಯಾದ ಜಾಗದಲ್ಲಿ ನೋಡಬೇಕಂದರೆ ಅಲ್ಲೇ ನೋಡಬೇಕು. ಆದರೆ ಜನ ಅದನ್ನ ಮೆರವಣಿಗೆಯ ಶೃಂಗಾರ ಅಂದ್ಕೊಂಡುಬಿಟ್ಟಿದಾರೆ. ನನಗೆ ದಸರಾಗಿಂತ ಅದಕ್ಕೂ ಮುಂಚಿನ ಕುಶಾಲತೋಪಿನ ತಾಲೀಮೇ ಮುಖ್ಯ ಅನ್ಸುತ್ತೆ. ಆನೆಗಳ ಜೊತೆ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಹಾರಿಸ್ತಾರೆ, ಸದ್ದಿಗೆ ಬೆದರಬಾರದು ಅಂತ. ಕುದುರೆಗೆ ಸುತ್ತ ಹೆಚ್ಚುಕಮ್ಮಿ ಎಲ್ಲಾ ದಿಕ್ಕೂ ಕಾಣುತ್ತೆ, ಮೂಗಿನ ನೇರ ಮುಂದೆ ಮತ್ತೆ ಬೆನ್ನ ಹಿಂದೆ ಮಾತ್ರ ಕಾಣಲ್ಲ. ಹಿಂದಿನಿಂದ ಹಾರ್ನ್ ಹೊಡೆದರೆ ಎಂಥಾ ಪಳಗಿದ ಕುದುರೆಯೂ ಅಡ್ಡ ಹಾರೀತು. ಲಾಳ ಹೊಡೆದ ಕಾಲು ನುಣುಪಾದ ಟಾರಿನ ಮೇಲೆ ಜಾರುತ್ತೆ ಬೇರೆ. ಹಾಗಾಗಿ ಗಾಡಿ ಓಡಾಡೋ ರಸ್ತೆಯಲ್ಲಿ ಕುದುರೆ ಗಸ್ತು ಅಂದರೆ ಕುದುರೆಗೂ ಅಪಾಯ, ಜನಕ್ಕೂ ಅಪಾಯ. ಗಾಡಿ ನಿಲ್ಲಿಸಿದ ಬೀದಿಗೇ ಅದು ಸರಿ. ಅಲ್ಲಿ ಅದು ಅಡ್ಡ ಹೆಜ್ಜೆ ಹಾಕುತ್ತಾ ಜನರನ್ನ ಲಾಠಿ ಎತ್ತದೆ ಬದಿಗೆ ಸರಿಸುತ್ತೆ.

ಇದೇ ಕುದುರೆ ಬ್ರಿಟಿಷರ ಕಾಲದಲ್ಲಿ ಚಳವಳಿಗಾರರನ್ನ ಚದುರಿಸೋಕೂ ಬಳಕೆಯಾಗಿದೆ, ಅದನ್ನ ಮುಚ್ಚಿಡಬಾರದು. ಎತ್ತರ ರಕ್ಷಣೆಯೂ ಹೌದು, ಬೆದರಿಕೆಯೂ ಹೌದು. ಸವಾರನಿಗೆ ಏನು ಆರ್ಡರ್ ಕೊಟ್ಟಿದಾರೆ ಅನ್ನೋದರ ಮೇಲೆ ಹೋಗುತ್ತೆ.

2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೋ ಪಟ್ಟಿಗೆ ಸೇರಿದವು. ಬೇಲೂರಿನ ಚೆನ್ನಕೇಶವನ ತೇರಿನ ದಿನ ದೇವಸ್ಥಾನದ ಬೀದಿಗೆ ವಾಹನ ಬಿಡೋ ಹಾಗಿಲ್ಲ, ಬಿಟ್ಟರೂ ನುಗ್ಗೋಕೆ ಜಾಗ ಇರಲ್ಲ. ಹಗ್ಗ ಹಿಡಿಯೋಕೆ ನೂಕುನುಗ್ಗಲು, ಚಕ್ರದ ಹತ್ತಿರ ಮಕ್ಕಳು. ಆ ಎರಡು ದಿನಕ್ಕಾದರೂ ಮೈಸೂರಿಂದ ನಾಲ್ಕು ಕುದುರೆ ತರಿಸಬಹುದು. ಲಾರಿಯಲ್ಲಿ ಅರ್ಧ ದಿನದ ದಾರಿಯೂ ಇಲ್ಲ, ಚಟ್ಟಿಸೆಟ್ಟಿ ತರಿಸಿದಷ್ಟು ದೂರವಂತೂ ಅಲ್ಲವೇ ಅಲ್ಲ. ಲದ್ದಿ ಬಳಿಯೋಕೆ ಪುರಸಭೆಯವರು ಇಬ್ಬರನ್ನ ಜಾಸ್ತಿ ಹಾಕಬೇಕಾಗುತ್ತೆ, ಅಷ್ಟೇ.