ರಹದಾರಿಯ ವಿವಾದ: ೧೮೩೨ರ ಅಮೆರಿಕ–ರಷ್ಯಾ ವಾಣಿಜ್ಯದ ಒಡಂಬಡಿಕೆ

ವಾಣಿಜ್ಯದ ಒಡಂಬಡಿಕೆಗಳು ಸಾಮಾನ್ಯವಾಗಿ ಸುಂಕ, ಬಂದರು, ಹಡಗು ಇವುಗಳ ಮಾತನ್ನು ಹೇಳತಕ್ಕವು. ರಾಜ್ಯವೊಂದು ತನ್ನ ಪ್ರಜೆಗಳನ್ನು ಹೇಗೆ ನಡಸಿಕೊಳ್ಳುತ್ತದೆಂಬುದು ಅವುಗಳ ವಿಷಯವಲ್ಲ. ಪರದೇಶಕ್ಕೆ ಕೊಡುವ ವ್ಯಾಪಾರದ ಅನುಕೂಲವನ್ನು ಅಲ್ಲಿಯ ಜನರ ಹಕ್ಕುಗಳೊಡನೆ ಗಂಟುಹಾಕುವ ಪದ್ಧತಿ ಅಮೆರಿಕದ ೧೯೭೪ರ ಶಾಸನದಿಂದ ಮೊದಲಾಯಿತೆಂದು ಹೇಳುವವರುಂಟು. ಆದರೆ ಅದರ ಪೂರ್ವಕಥೆ ೧೮೩೨ರಷ್ಟು ಹಿಂದಕ್ಕೆ ಹೋಗುತ್ತದೆ.

ಆ ವರ್ಷದ ಡಿಸೆಂಬರ್ ೧೮ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಮೆರಿಕಕ್ಕೂ ರಷ್ಯಾಕ್ಕೂ ಒಂದು ವಾಣಿಜ್ಯದ ಒಡಂಬಡಿಕೆಯಾಯಿತು. ಅಧ್ಯಕ್ಷ ಆಂಡ್ರೂ ಜಾಕ್ಸನನು ಕಳುಹಿಸಿದ್ದ ರಾಯಭಾರಿ ಜೇಮ್ಸ್ ಬುಕಾನನ್ ಅದನ್ನು ಮಂತ್ರಿ ನೆಸೆಲ್‌ರೋಡನೊಡನೆ ಕುದುರಿಸಿದನು. ಎರಡು ದೇಶಗಳ ನಿವಾಸಿಗಳೂ ವ್ಯಾಪಾರಕ್ಕಾಗಿ ಪರಸ್ಪರ ಬಂದು ಹೋಗಬಹುದು, ದೇಶೀಯರಿಗೆ ಸಲ್ಲುವ ರಕ್ಷಣೆ ಅವರಿಗೂ ಸಲ್ಲುವುದು, ಆದರೆ ಅವರು ಅಲ್ಲಿಯ ಕಾನೂನು ಕಟ್ಟಳೆಗಳಿಗೆ ಒಳಪಟ್ಟಿರತಕ್ಕದ್ದು ಎಂಬುದು ಮೊದಲನೆಯ ವಿಧಿಯ ತಾತ್ಪರ್ಯ. ಈ ಕೊನೆಯ ನಿಬಂಧನೆಯೇ ಮುಂದಿನ ವ್ಯಾಜ್ಯಕ್ಕೆಲ್ಲ ಮೂಲವಾಯಿತು.

ರಷ್ಯಾದ ಯೆಹೂದ್ಯರು ಸಾಮ್ರಾಜ್ಯದ ಪಶ್ಚಿಮದ ಕೆಲವು ಪ್ರಾಂತಗಳಲ್ಲಿ ಮಾತ್ರ ವಾಸಿಸಬೇಕೆಂಬ ನಿರ್ಬಂಧವಿದ್ದಿತು. ಮೇಲಣ ದರ್ಜೆಯ ವರ್ತಕರು, ವಿಶ್ವವಿದ್ಯಾನಿಲಯದ ಪದವೀಧರರು ಮೊದಲಾದ ಕೆಲವರಿಗಷ್ಟೆ ವಿನಾಯಿತಿ. ಅಮೆರಿಕದಲ್ಲಿದ್ದ ರಷ್ಯಾದ ರಾಜಪ್ರತಿನಿಧಿಗಳು ರಹದಾರಿಗೆ ಒಪ್ಪಿಗೆಯ ಮುದ್ರೆಯೊತ್ತುವ ಮೊದಲು ಪ್ರಯಾಣಿಕನ ಮತ ಯಾವುದೆಂದು ಕೇಳುತ್ತಿದ್ದರು. ಯೆಹೂದ್ಯನಾದರೆ ಬಹುಮಟ್ಟಿಗೆ ಮುದ್ರೆ ದೊರೆಯುತ್ತಿರಲಿಲ್ಲ. ತನ್ನ ಯೆಹೂದ್ಯರಿಗೆ ಇಲ್ಲದ ಹಕ್ಕನ್ನು ಹೊರಗಿನ ಯೆಹೂದ್ಯರಿಗೆ ಕೊಡಲಾಗದೆಂಬುದು ರಷ್ಯಾದ ವಾದ. ಒಡಂಬಡಿಕೆಯ ಅಕ್ಷರವನ್ನಷ್ಟೇ ನೋಡಿದರೆ ಈ ವಾದ ದುರ್ಬಲವೆನ್ನುವಂತಿಲ್ಲ. ತನ್ನ ಪ್ರಜೆಗಳಲ್ಲಿ ಮತಭೇದವನ್ನೆಣಿಸಲು ಅನ್ಯರಾಜ್ಯಕ್ಕೆ ಅಧಿಕಾರವಿಲ್ಲವೆಂದು ಅಮೆರಿಕದ ಮಂತ್ರಿ ಬ್ಲೇನ್ ೧೮೮೧ರಲ್ಲಿಯೇ ಬರೆದನು. ಅನಂತರದ ಮೂವತ್ತು ವರ್ಷ ಪತ್ರಗಳು ಹೋದುವು, ಬಂದುವು.

೧೯೦೩ರಲ್ಲಿ ಕಿಷಿನೆವ್ ಪಟ್ಟಣದಲ್ಲಿ ಯೆಹೂದ್ಯರ ಕೊಲೆಯಾದ ಮೇಲೆ ಪತ್ರವ್ಯವಹಾರದಿಂದ ಪ್ರಯೋಜನವಿಲ್ಲವೆಂಬ ಭಾವನೆ ಬಲವಾಯಿತು. ೧೯೦೬ರಲ್ಲಿ ಸ್ಥಾಪಿತವಾದ ಅಮೆರಿಕನ್ ಯೆಹೂದ್ಯ ಸಮಿತಿಯ ಮುಖಂಡರಲ್ಲೊಬ್ಬನಾದ ಲೂಯಿ ಮಾರ್ಷಲ್ ಎಂಬ ನ್ಯಾಯವಾದಿ ೧೯೧೧ರ ಜನವರಿಯಲ್ಲಿ ರಹದಾರಿಯ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತಿದನು. ಇಲ್ಲಿ ಅವನ ಜಾಣತನವನ್ನು ಗಮನಿಸಬೇಕು. ಪರರಾಜ್ಯದ ಪ್ರಜೆಗಳ ಪರವಾಗಿ ಮಾತನಾಡಿದರೆ ಅದು ಅನ್ಯರ ಮನೆಯ ಮಾತೆಂಬ ಉತ್ತರ ಸಿದ್ಧವಾಗಿತ್ತು. ಅಮೆರಿಕದ ರಹದಾರಿಗೆ ಅವಮಾನವಾಯಿತೆಂದರೆ ಆ ಉತ್ತರಕ್ಕೆ ಎಡೆಯಿಲ್ಲ. ಹೊರಗಿನ ಯೆಹೂದ್ಯರನ್ನು ಸಮಾನವಾಗಿ ಒಳಗೆ ಬಿಟ್ಟುಕೊಂಡರೆ ಒಳಗಿನವರ ನಿರ್ಬಂಧವೂ ಹೆಚ್ಚುಕಾಲ ನಿಲ್ಲಲಾರದೆಂದು ಅವನ ಸಹಚರನಾದ ಸಾಹುಕಾರ ಜೇಕಬ್ ಷಿಫ್ ನಂಬಿದ್ದನು. ಬಾಯಲ್ಲಿ ಕೆಲವೇ ಪ್ರಯಾಣಿಕರ ಮಾತು, ಮನಸ್ಸಿನಲ್ಲಿ ಲಕ್ಷಾಂತರ ಜನರ ಗತಿ.

ಫೆಬ್ರವರಿ ೧೫ರಂದು ಅಧ್ಯಕ್ಷ ಟ್ಯಾಫ್ಟ್ ಈ ಮುಖಂಡರನ್ನು ಕರೆಸಿ, ಒಡಂಬಡಿಕೆಯನ್ನು ಮುರಿದರೆ ಅಮೆರಿಕದ ವ್ಯಾಪಾರಕ್ಕೆ ಹಾನಿ, ರಷ್ಯಾದ ಯೆಹೂದ್ಯರಿಗೂ ಕೇಡು ಎಂದು ಹೇಳಿ ಕಳುಹಿಸಿದನು. ಆದರೆ ಡಿಸೆಂಬರ್ ೧೩ರಂದು ಪ್ರತಿನಿಧಿಸಭೆ ಒಡಂಬಡಿಕೆಯನ್ನು ರದ್ದುಮಾಡುವ ನಿರ್ಣಯವನ್ನು ೩೦೧ಕ್ಕೆ ೧ ಮತದಿಂದ ಅಂಗೀಕರಿಸಿತು. ಅದರ ಕಟುವಾದ ಮಾತುಗಳು ರಷ್ಯಾವನ್ನು ಮುಟ್ಟುವ ಮೊದಲೇ ಟ್ಯಾಫ್ಟ್ ತಾನೇ ಮೃದುವಾದ ಮಾತಿನಲ್ಲಿ ಒಂದು ವರ್ಷದ ಮುನ್ಸೂಚನೆಯನ್ನು ಕೊಡಿಸಿದನು. ೧೯೧೨ರ ಕೊನೆಗೆ ಎಂಬತ್ತು ವರ್ಷದ ಒಡಂಬಡಿಕೆ ಮುಗಿಯಿತು.

ಫಲವೇನು? ರಷ್ಯಾ ಒಂದು ನಿರ್ಬಂಧವನ್ನೂ ಸಡಿಲಿಸಲಿಲ್ಲ. ವ್ಯಾಪಾರವೂ ನಿಲ್ಲಲಿಲ್ಲ, ೧೯೧೪ರ ಯುದ್ಧ ಬಂದ ಮೇಲೆ ಅಮೆರಿಕದ ಸರಕು ರಷ್ಯಾಕ್ಕೆ ಹೋದದ್ದು ಮೊದಲಿಗಿಂತ ಎಷ್ಟೋ ಹೆಚ್ಚು. ಯೆಹೂದ್ಯರಿಗೆ ಸಮಾನವಾದ ಹಕ್ಕು ಬಂದದ್ದು ೧೯೧೭ರಲ್ಲಿ, ಚಕ್ರವರ್ತಿಯೇ ಸಿಂಹಾಸನವಿಳಿದ ಮೇಲೆ. ಒಡಂಬಡಿಕೆಯನ್ನು ಮುರಿಯುವುದು ಒಂದೇ ಸಲ ಸಾಧ್ಯ. ಮುರಿದ ಮೇಲೆ ತೋರಿಸಿ ಬೆದರಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅರವತ್ತು ವರ್ಷಗಳ ಮೇಲೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದ್ದಿತು. ೧೯೭೨ರ ಆಗಸ್ಟಿನಲ್ಲಿ ಸೋವಿಯತ್ ಸರಕಾರವು ದೇಶ ಬಿಟ್ಟು ಹೋಗುವ ವಿದ್ಯಾವಂತರ ಮೇಲೆ, ಅವರು ಪಡೆದ ಶಿಕ್ಷಣದ ವೆಚ್ಚವೆಂದು, ಭಾರಿಯಾದ ತೆರಿಗೆಯನ್ನು ಹೊರಿಸಿತು. ಅಕ್ಟೋಬರಿನಲ್ಲಿ ಆ ದೇಶಕ್ಕೆ ಪರಮಾಪ್ತ ರಾಷ್ಟ್ರದ ಸುಂಕದ ದರವನ್ನು ಕೊಡುವುದಾಗಿ ಅಧ್ಯಕ್ಷ ನಿಕ್ಸನ್ನನ ಸರಕಾರ ಒಪ್ಪಿಕೊಂಡಿತು. ಸೆನೆಟಿನ ಹೆನ್ರಿ ಜಾಕ್ಸನ್, ಪ್ರತಿನಿಧಿಸಭೆಯ ಚಾರ್ಲ್ಸ್ ವ್ಯಾನಿಕ್ ಇಬ್ಬರೂ ಇದಕ್ಕೆ ಅಡ್ಡಬಂದರು. (೧೮೩೨ರ ಅಧ್ಯಕ್ಷನಿಗೂ ಈ ಜಾಕ್ಸನನಿಗೂ ಹೆಸರಿನ ಸಾಮ್ಯ ಕೇವಲ ಆಕಸ್ಮಿಕ.) ಪ್ರಜೆಗಳ ವಲಸೆಯನ್ನು ತಡೆಯುವ ಸಮಾಜವಾದಿ ಆರ್ಥಿಕವ್ಯವಸ್ಥೆಯ ದೇಶಗಳಿಗೆ ಆ ದರ ಸಲ್ಲದು, ಆದರೆ ಅಧ್ಯಕ್ಷನು ವರ್ಷವರ್ಷಕ್ಕೂ ಪರಿಶೀಲಿಸಿ ವಿನಾಯಿತಿ ಕೊಡಬಹುದು. ಈ ತಿದ್ದುಪಡಿಯನ್ನೊಳಗೊಂಡ ಶಾಸನಕ್ಕೆ ೧೯೭೫ರ ಜನವರಿ ೩ರಂದು ಅಧ್ಯಕ್ಷ ಫೋರ್ಡ್ ಸಹಿ ಹಾಕಿದನು.

ಮಾರ್ಷಲನ ಕಾಲದ ಮರೆ ಇಲ್ಲಿ ಕಳಚಿತು: ಪರದೇಶದ ಪ್ರಜೆಗಳ ಹಕ್ಕೇ ಬಹಿರಂಗವಾಗಿ ವಿಷಯವಾಯಿತು. ಕೊಡಲಿಯ ಬದಲು ಕಡಿವಾಣವೂ ದೊರೆಯಿತು. ಆದರೂ ಫಲ ಮಿಶ್ರವಾದದ್ದು. ಮಾತುಕತೆ ನಡೆಯುತ್ತಿದ್ದಾಗಲೇ ಶಿಕ್ಷಣದ ತೆರಿಗೆಯ ವಸೂಲಿ ನಿಂತಿತೆಂಬುದನ್ನು ಮರೆಯಲಾಗದು. ಆದರೆ ಶಾಸನವಾದೊಡನೆ ಮಾಸ್ಕೋ ೧೯೭೨ರ ಒಪ್ಪಂದವನ್ನೇ ನಿರಾಕರಿಸಿತು. ೧೯೭೩ರಲ್ಲಿ ಸುಮಾರು ೩೪,೦೦೦ ಯೆಹೂದ್ಯರು ಹೊರಟಿದ್ದರೆ ೧೯೭೫ರಲ್ಲಿ ಹೊರಟವರು ಸುಮಾರು ೧೩,೦೦೦. ೧೯೭೯ರಲ್ಲಿ, ಯಾವ ರಿಯಾಯಿತಿಯೂ ಸಲ್ಲದಿದ್ದಾಗಲೇ, ಸಂಖ್ಯೆ ೫೧,೦೦೦ಕ್ಕೆ ಏರಿತು. ೧೯೮೬ರಲ್ಲಿ ಒಂದು ಸಾವಿರಕ್ಕೂ ಕಡಮೆಯಾಯಿತು. ಈ ಏರಿಳಿತ ಸುಂಕಕ್ಕಿಂತ ಹೆಚ್ಚಾಗಿ ಎರಡು ಮಹಾಶಕ್ತಿಗಳ ಒಟ್ಟು ಸ್ನೇಹವೈರಗಳನ್ನು ಅನುಸರಿಸಿದಂತೆ ತೋರುತ್ತದೆ. ಶಾಸನ ನಿಷ್ಫಲವೆಂದು ಇಷ್ಟರಿಂದಲೇ ತೀರ್ಪುಕೊಡುವವರು ಒಂದು ಸಂಗತಿಯನ್ನು ಎದುರಿಸಬೇಕು: ಅದನ್ನು ಅಂಗೀಕರಿಸಿರೆಂದು ೧೯೭೩ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಬಹಿರಂಗಪತ್ರ ಬರೆದವನು ಮಾಸ್ಕೋವಿನಲ್ಲಿಯೇ ಇದ್ದ ವಿಜ್ಞಾನಿ ಆಂದ್ರೇ ಸಖರೋವ್. ಮುನಿದ ಸರಕಾರ ಏನು ಮಾಡೀತೆಂಬುದು ವಾಷಿಂಗ್ಟನ್ನಿನ ಮಂತ್ರಿಗಳಿಗಿಂತ ಅವನಿಗೆ ಚೆನ್ನಾಗಿ ತಿಳಿದಿತ್ತು.

ಸೋವಿಯತ್ ಒಕ್ಕೂಟ ಅಳಿದು, ವಲಸೆಯ ತಡೆ ಹೋದ ಮೇಲೂ ಈ ಶಾಸನ ರಷ್ಯಾಕ್ಕೆ ಇಪ್ಪತ್ತು ವರ್ಷ ಅಂಟಿಕೊಂಡಿತ್ತು. ೨೦೧೨ರ ಆಗಸ್ಟಿನಲ್ಲಿ ರಷ್ಯಾ ವಿಶ್ವ ವಾಣಿಜ್ಯ ಸಂಸ್ಥೆಯನ್ನು ಸೇರಿದಾಗ ಅದರಿಂದ ನಷ್ಟ ಅಮೆರಿಕದ ವರ್ತಕರಿಗೇ ಆಗುವಂತಾಯಿತು. ಆ ವರ್ಷದ ಡಿಸೆಂಬರ್ ೧೪ರಂದು, ಹಳೆಯ ಒಡಂಬಡಿಕೆ ಮುಗಿದ ನೂರನೆಯ ವರ್ಷದಲ್ಲಿ, ರಷ್ಯಾವನ್ನು ಅದರಿಂದ ಬಿಡಿಸಲಾಯಿತು. ಹಾಗೆ ದೊರೆತ ಸ್ಥಾನವನ್ನು ಉಕ್ರೇನಿನ ಯುದ್ಧದ ಕಾರಣದಿಂದ ೨೦೨೨ರಲ್ಲಿ ಮತ್ತೆ ಕಸಿದುಕೊಂಡದ್ದು ಬೇರೆಯ ಕಥೆ. ೨೦೧೨ರ ಅದೇ ಮಸೂದೆಯಲ್ಲಿ ಇನ್ನೊಂದು ಭಾಗವೂ ಸೇರಿತ್ತು: ಸೆರೆಮನೆಯಲ್ಲಿ ಸತ್ತ ಸೆರ್ಗೇಯ್ ಮ್ಯಾಗ್ನಿಟ್‌ಸ್ಕಿಯ ಪ್ರಕರಣಕ್ಕೆ ಹೊಣೆಗಾರರಾದ ರಷ್ಯಾದ ಅಧಿಕಾರಿಗಳಿಗೆ ಅಮೆರಿಕದ ಪ್ರವೇಶ ನಿಷಿದ್ಧ, ಅವರ ರಹದಾರಿಗೆ ಒಪ್ಪಿಗೆಯ ಮುದ್ರೆ ಸಲ್ಲದು.